ಅಪ್‌ಡೇಟ್: ಮಾಲ್ಡೀವ್ಸ್ ರೆಸಾರ್ಟ್ ಕೊನೆಗೂ ಆರಿಸಿದೆವು, ಹೋಗಿಯೂ ಬಂದೆವು

ನಾವಿಬ್ಬರೂ ಸುಮ್ನೆ ಆರಾಮಾಗಿ ಇದ್ದು ಬರಲು ಮಾಲ್ಡೀವ್ಸ್‌ನಲ್ಲಿ ಎಂಥ ರೆಸಾರ್ಟ್ ಆರಿಸಬೇಕು ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆವು, ತುಂಬಾ ಚೆನ್ನಾಗಿತ್ತು.

ಕೆಲಸಕ್ಕೆ ಬಂದಿದ್ದು "ಮೊದಲು ಹೌಸ್ ರೀಫ್ ಇದೆಯಾ ನೋಡಿ" ಅಂದವರ ಮಾತು. ಹೌಸ್ ರೀಫ್ ಅಂದರೆ ರೆಸಾರ್ಟ್‌ನ ದಡಕ್ಕೆ ಹತ್ತಿರದಲ್ಲೇ ಇರುವ ಹವಳದ ದಿಬ್ಬ. ದೋಣಿಯೇ ಬೇಡ, ದಡದಿಂದ ಸ್ನಾರ್ಕೆಲ್ (ನೀರಲ್ಲಿ ಮುಖ ಇಟ್ಟು ಉಸಿರಾಡುವ ಕೊಳವೆ) ಹಾಕಿಕೊಂಡು ಇಳಿದರೆ ಸಾಕು. ಪ್ಯಾರಟ್‌ಫಿಶ್ ಹವಳ ಕಡಿಯುವ ಕಟಕಟ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳುತ್ತದೆ! ಅವರಿಗೆ ದೊಡ್ಡ ಥ್ಯಾಂಕ್ಸ್.

ನೀರಿನ ಮೇಲಿನ ವಿಲ್ಲಾ ಮಾತ್ರ ನಮಗೆ ಒಗ್ಗಲಿಲ್ಲ. ರಾತ್ರಿ ಗಾಳಿ ಜಾಸ್ತಿಯಾಗಿ, ಅಲೆಯ ಸದ್ದಿಗೆ ನಿದ್ದೆ ಬರಲಿಲ್ಲ. ಬೀಚ್ ವಿಲ್ಲಾಗೆ ಬದಲಾಯಿಸಿಕೊಂಡೆವು.

ಹೊಸದಾಗಿ ತಿಳಿದಿದ್ದು: ಅಲ್ಲಿ ವಿಮಾನ ನಿಲ್ದಾಣದಿಂದ ದೂರದ ದ್ವೀಪಗಳಿಗೆ ಕರೆದೊಯ್ಯುವ ಸೀಪ್ಲೇನ್ (ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನ) ಹಗಲಲ್ಲಿ ಮಾತ್ರ ಹಾರುತ್ತದೆ. ವಿಮಾನ ತಡವಾಗಿ ಇಳಿಯುವುದಾದರೆ ಸ್ಪೀಡ್‌ಬೋಟ್‌ನಲ್ಲಿ ತಲುಪುವ ದ್ವೀಪವನ್ನೇ ಆರಿಸಿ. ಇಲ್ಲದಿದ್ದರೆ ಆ ರಾತ್ರಿ ರಾಜಧಾನಿ ಮಾಲೆಯ ಹತ್ತಿರವೇ ಉಳಿಯಬೇಕಾಗುತ್ತದೆ.