ಅಪ್ಪನ ಕಾರಿನ ಗೇರ್‌ಬಾಕ್ಸ್ ಇಳಿಸಬೇಕಾ?

ಅಣ್ಣ: ಅಪ್ಪನ ಕಾರು ಅದುರುತ್ತಿದೆಯಲ್ಲ, ಗ್ಯಾರೇಜಿನವರ ಹತ್ತಿರ ಮಾತಾಡಿದೆ. ಗೇರ್‌ಬಾಕ್ಸ್ ಇಳಿಸಲೇಬೇಕಂತೆ. ಖರ್ಚು ಮೂರು ಪಾಲು. ನಾಳೆ ಕಾರು ಬಿಡುತ್ತೇನೆ.

ಅಕ್ಕ: ಸೆಕೆಂಡ್‌ಹ್ಯಾಂಡ್ ಕೊಂಡು ಇನ್ನೂ 4 ತಿಂಗಳಾಗಿಲ್ಲ! ಅಪ್ಪನ ಮಂಡಿಗೆ ಕ್ಲಚ್ ತುಳಿಯುವ ಕಷ್ಟ ಬೇಡ ಅಂತ ತಾನೇ ಆಟೋಮ್ಯಾಟಿಕ್ ತಂದಿದ್ದು? ಮಾರಿಬಿಡೋಣ.

ನಾನು: ಅಣ್ಣ, ದಯವಿಟ್ಟು ನಾಳೆ ಬಿಡಬೇಡ. ಅವರು ಓಡಿಸಿ ನೋಡಿದರಾ?

ಅಣ್ಣ: ನಿಂತಲ್ಲೇ ನೋಡಿದರು.

ಭಾವ: ನನಗೇನೋ ಟೈರ್ ಅನಿಸುತ್ತದೆ. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ನೋಡಿ.

ನಾನು: ಭಾವ, ನೀವು ಹೇಳಿದ್ದೇ ನನಗೂ ಮೊದಲು ಹೊಳೆದಿದ್ದು. ಅದಕ್ಕೇ ಭಾನುವಾರ ವಸಂತನರಸಾಪುರದ ಕಡೆ ಖಾಲಿ ರಸ್ತೆಗೆ ಹೋಗಿದ್ದೆ, ಸ್ನೇಹಿತ ಪಕ್ಕದಲ್ಲಿ ಕೂತು ಮೀಟರ್ ನೋಡುತ್ತಿದ್ದ. 50ರ ಹತ್ತಿರ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಹಿಡಿದರೆ ಸಾಲು ಸಾಲು ಹಂಪ್ ಮೇಲೆ ಹೋದ ಹಾಗೆ ಅದುರುತ್ತದೆ. ಅದೇ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಇಲ್ಲ. ಟೈರ್ ಆಗಿದ್ದರೆ ಆಗಲೂ ಅದುರಬೇಕಿತ್ತು ಅಲ್ವಾ? ಆಮೇಲೆ ಆಕ್ಸಿಲರೇಟರ್ ಬಿಡದೆ ಎಡಗಾಲಲ್ಲಿ ಬ್ರೇಕ್ ಸುಮ್ನೆ ಮುಟ್ಟಿದೆ. ತಕ್ಷಣ ಅದುರುವುದು ನಿಂತಿತು.

ಅಣ್ಣ: ಬ್ರೇಕ್ ಒತ್ತಿದರೆ ವೇಗ ಇಳಿಯುತ್ತದೆ, ಅದಕ್ಕೇ ನಿಂತಿರಬೇಕು.

ನಾನು: ಹಿಂದಿನ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿದ್ದು. ವೇಗ ಇಳಿಯಲಿಲ್ಲ, ಆರ್‌ಪಿಎಂ ಮುಳ್ಳು ಸ್ವಲ್ಪ ಮೇಲೆ ಹೋಯಿತು. ನಮ್ಮದು ಟಾರ್ಕ್ ಕನ್ವರ್ಟರ್ ಗಾಡಿ, ಅಂದರೆ ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ಆಯಿಲ್ ಮೂಲಕ ದಾಟಿಸುವ ಭಾಗ ಇರುವಂಥದ್ದು. ಕನ್ವರ್ಟರ್ ಒಳಗೆ ಇಂಜಿನ್ ಮತ್ತು ಗೇರ್‌ಬಾಕ್ಸನ್ನು ನೇರವಾಗಿ ಜೋಡಿಸಿ ಹಿಡಿಯುವ ಲಾಕಪ್ ಕ್ಲಚ್ ಇರುತ್ತದೆ, ಬ್ರೇಕ್ ಮುಟ್ಟಿದರೆ ಅದು ಬಿಟ್ಟುಕೊಳ್ಳುತ್ತದೆ. ಆಯಿಲ್ ಹಳೇದಾದರೆ ಆ ಕ್ಲಚ್ ಸರಿಯಾಗಿ ಹಿಡಿಯುವುದಿಲ್ಲ, ಹಿಡಿದು ಜಾರಿ ಮತ್ತೆ ಹಿಡಿಯುತ್ತದೆ. ನಮಗೆ ಅದುರುವುದು ಅದೇ. ಇಂಜಿನ್ ಮಿಸ್‌ಫೈರ್ ಆದರೂ, ಅಂದರೆ ಒಳಗೆ ಪೆಟ್ರೋಲ್‌-ಡೀಸೆಲ್ ಸರಿಯಾಗಿ ಉರಿಯದಿದ್ದರೂ, ಹೆಚ್ಚುಕಮ್ಮಿ ಹೀಗೇ ಇರುತ್ತದೆ ಅಂತ ಸ್ಕ್ಯಾನರ್ ಹಾಕಿಸಿದೆ, ಮಿಸ್‌ಫೈರ್ ಕೋಡ್ ಒಂದೂ ಇಲ್ಲ. ಗೇರ್‌ಬಾಕ್ಸ್ ಆಯಿಲ್ ಕೆಂಪಗಿರಬೇಕಾದದ್ದು ಕಾಫಿ ಡಿಕಾಕ್ಷನ್ ಥರ ಇದೆ. 82,000 ಕಿ.ಮೀ. ಓಡಿದ ಗಾಡಿ, ಸರ್ವಿಸ್ ಪುಸ್ತಕದಲ್ಲಿ ಆ ಆಯಿಲ್ ಬದಲಾಯಿಸಿದ್ದೇ ಇಲ್ಲ.

ಅಣ್ಣ: ಹಾಗಾದರೆ ಬಿ.ಎಚ್. ರೋಡ್ ಅಂಗಡಿಯಲ್ಲಿ ಲೂಸ್ ಆಯಿಲ್ ಸಿಗುತ್ತದೆ, ಕಡಿಮೆ ಬೆಲೆ. ಹಾಕಿಸು.

ನಾನು: ಅಯ್ಯೋ ಬೇಡ ಅಣ್ಣ! ಮ್ಯಾನುಯಲ್‌ನಲ್ಲಿ ಬರೆದಿರುವ ಗ್ರೇಡೇ ಆಗಬೇಕು, ಬೇರೆ ಹಾಕಿದರೆ ಅದರಿಂದಲೇ ಅದುರಬಹುದು. ಇನ್ನೊಂದು ವಿಷಯ. ಪ್ಲಗ್ ಬಿಚ್ಚಿದರೆ ಪೂರ್ತಿ ಆಯಿಲ್ ಇಳಿಯುವುದಿಲ್ಲ, ತುಂಬಾ ಭಾಗ ಕನ್ವರ್ಟರ್ ಒಳಗೇ ಉಳಿಯುತ್ತದೆ. ಒಂದು ಸಲಕ್ಕೆ 100ಕ್ಕೆ 40 ಭಾಗ ಇಳಿಯಿತು ಅಂದುಕೊಂಡರೂ, ಮೂರು ಸಲ ಬದಲಾಯಿಸಿದ ಮೇಲೆ ಹಳೇದು ಇನ್ನೂ 22 ಭಾಗ ಇರುತ್ತದೆ. ಅದಕ್ಕೇ ನಡುವೆ ಸ್ವಲ್ಪ ಓಡಿಸಿ ಓಡಿಸಿ ಮೂರು ಸಲ ಮಾಡಿಸಬೇಕು.

ಅಕ್ಕ: ಆದರೂ ಹೋಗದಿದ್ದರೆ?

ನಾನು: ಕ್ಲಚ್ ಸವೆದಿದ್ದರೆ ಹೋಗುವುದಿಲ್ಲ ಅಕ್ಕ. ಆಗ ಇಳಿಸೋಣ, ನನ್ನ ಪಾಲು ಅವತ್ತೇ ಕೊಡುತ್ತೇನೆ. ಮೊದಲೇ ಬೇಡ. ಮಾರುವುದಂತೂ ಬೇಡವೇ ಬೇಡ, ಈ ಕಾರು ಬಂದ ಮೇಲೆ ಅಪ್ಪ ಒಬ್ಬರೇ ಸಿದ್ಧಗಂಗೆಗೆ ಹೋಗಿಬರುತ್ತಿದ್ದಾರೆ.

ಅಪ್ಪ: ನೀವು ಯಾರೂ ನನ್ನನ್ನು ಕೇಳಲಿಲ್ಲ. ಬೆಳಿಗ್ಗೆ ಹೊರಟಾಗ ಒಂದು ಚೂರೂ ಅದುರುವುದಿಲ್ಲ. ಇಂಜಿನ್ ಬಿಸಿಯಾದ ಮೇಲೆ, ಕ್ಯಾತ್ಸಂದ್ರ ದಾಟಿದ ಮೇಲೆ ಶುರುವಾಗುತ್ತದೆ.

ನಾನು: ಅಪ್ಪಾ, ಇದು ಮೊದಲೇ ಗೊತ್ತಿದ್ದರೆ! ಆಯಿಲ್ ತಣ್ಣಗಿದ್ದಾಗ ಆ ಲಾಕಪ್ ಹಿಡಿಯುವುದೇ ಇಲ್ಲ. ಅಣ್ಣ, ನೋಡಿದೆಯಾ?

ಅಣ್ಣ: ನೋಡಿದೆ. ಸರಿ, ಗ್ಯಾರೇಜಿಗೆ ಬೇಡ ಅಂತ ಹೇಳುತ್ತೇನೆ. ಶನಿವಾರ ಆಯಿಲ್ ತರಿಸು, ಮೂರು ಪಾಲು.

ಅಪ್ಪ: ಶನಿವಾರ ನಾನೇ ಓಡಿಸಿಕೊಂಡು ಬರುತ್ತೇನೆ.