ಎಲೆಚುಕ್ಕೆ ರೋಗ ಯಾರ ಪಾಪಕ್ಕೆ?

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಬೆಳಿಗ್ಗೆಯಿಂದ ಗ್ರೂಪಿನಲ್ಲಿ ಬಂದ ಮೆಸೇಜುಗಳನ್ನೆಲ್ಲ ಈಗ ಕೂತು ನೋಡಿದೆ. ಟೈಪ್ ಮಾಡುತ್ತಾ ಹೋದರೆ ರಾತ್ರಿಯಾಗಿಬಿಡುತ್ತದೆ, ಅದಕ್ಕೇ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ. ಹಂಚಿನ ಮೇಲೆ ಮಳೆ ಜೋರಾಗಿ ಹೊಡೆಯುತ್ತಿದೆ. ಮಾತು ಸರಿಯಾಗಿ ಕೇಳದಿದ್ದರೆ ಹೇಳಿ, ಮಳೆ ನಿಂತ ಮೇಲೆ ಮತ್ತೆ ಕಳಿಸುತ್ತೇನೆ.

ಮೆಸೇಜ್ ನೋಡದೇ ಇರುವ ಹಿರಿಯರೂ ಇದ್ದಾರೆ, ಅವರಿಗಾಗಿ ಮೊದಲು ವಿಷಯ ಹೇಳಿಬಿಡುತ್ತೇನೆ. ನಿನ್ನೆ ರಾತ್ರಿ ನಮ್ಮ ತಮ್ಮನೊಬ್ಬ ಒಂದು ಫಾರ್ವರ್ಡ್ ಹಾಕಿದ್ದಾನೆ. 2024ರ ಜುಲೈಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದದ್ದು, ಅದೇ ತಿಂಗಳು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕುಸಿದದ್ದು, ಈಗ ನಮ್ಮ ಅಡಿಕೆಗೆ ಬಂದಿರುವ ಎಲೆಚುಕ್ಕೆ ರೋಗ, ಇದೆಲ್ಲ ದೇವರ ಶಿಕ್ಷೆ, ಕಡೆಯ ದಿನಗಳ ಗುರುತು ಎಂದು ಅದರಲ್ಲಿದೆ. ಹತ್ತು ಜನರಿಗೆ ಕಳಿಸಿ ಎಂದೂ ಇದೆ. ಅದರ ಕೆಳಗೆ ಒಬ್ಬರು, "ದಶಮಾಂಶ ತಪ್ಪಿಸಿದವರ ತೋಟಕ್ಕೇ ಮೊದಲು ಬಂತು ನೋಡಿ" ಎಂದು ಬರೆದಿದ್ದಾರೆ. ದಶಮಾಂಶ ಅಂದರೆ ದುಡಿದದ್ದರಲ್ಲಿ ಹತ್ತರಲ್ಲೊಂದು ಪಾಲು ದೇವರಿಗೆ ಕೊಡುವುದು. ಇನ್ನೊಬ್ಬರು, "ಗುಟ್ಕಾಕ್ಕೆ ಹೋಗುವ ಬೆಳೆಯನ್ನು ದೇವರು ಹೇಗೆ ಆಶೀರ್ವದಿಸ್ತಾನೆ" ಎಂದು ಕೇಳಿದ್ದಾರೆ. ಆಮೇಲೆ ಶಿವಮೊಗ್ಗದಲ್ಲಿ ಓದುತ್ತಿರುವ ನಮ್ಮ ಹುಡುಗಿ ಒಂದೇ ಸಾಲು ಹಾಕಿದ್ದಾಳೆ: "ಪಾಸ್ಟರ್, ಇದು ನಿಜವಾ?"

ಮಗಳೇ, ನೀನು ಕೇಳಿದ್ದು ತುಂಬ ಒಳ್ಳೇದಾಯಿತು. ನಿಜ ಅಲ್ಲ. ಯಾಕೆ ಅಲ್ಲ ಅಂತ ಹೇಳುವ ಮೊದಲು ಮಂಗಳವಾರ ನಾನು ಕಂಡದ್ದನ್ನು ಹೇಳಬೇಕು.

ಹೊಸನಗರದ ಕಡೆ ನಮ್ಮ ಚರ್ಚ್ ಸಭೆಯ ಒಂದು ಮನೆಗೆ ಹೋಗಿದ್ದೆ. ಅವರನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ, ಹೆಸರು ಮಾತ್ರ ಬೇಡ. ಒಂದೂವರೆ ಎಕರೆ ತೋಟ. ಎಲೆಚುಕ್ಕೆ ಬಂದು ಇದು ಮೂರನೇ ವರ್ಷ. ಅಣ್ಣ ಅಡಿಕೆ ಮರದ ಒಂದು ಸೋಗೆ, ಅಂದರೆ ಉದ್ದ ಗರಿ, ಎಳೆದು ನನ್ನ ಕೈಗೆ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ, ಅದರ ಸುತ್ತ ಹಳದಿ ಉಂಗುರ. ತುದಿಗೆ ಹೋದ ಹಾಗೆ ಚುಕ್ಕೆಗೆ ಚುಕ್ಕೆ ಸೇರಿಕೊಂಡು ಎಲೆಯೆಲ್ಲ ಬೆಂಕಿ ತಾಗಿದ ಹಾಗೆ ಕಂದಾಗಿತ್ತು. ತಲೆಯೆತ್ತಿ ನೋಡಿದರೆ ಸಾಲು ಸಾಲು ಮರಗಳ ಕೆಳಗಿನ ಸೋಗೆಗಳೆಲ್ಲ ಜೋತು ಬಿದ್ದಿವೆ.

ಅದು ಸಾಲದು ಅಂತ ಈ ಸಲ ಎಳೆ ಕಾಯಿ ಕೊಳೆತು ಉದುರುವ ಕೊಳೆ ರೋಗವೂ ಬಂದಿದೆ. ಮೊದಲ ಸಲದ ಔಷಧಿ ಮಳೆ ಹಿಡಿಯುವ ಮುಂಚೆಯೇ ಹೊಡೆಸಿದ್ದರು. ಎರಡನೇದು 40–45 ದಿನಕ್ಕೆ ಆಗಬೇಕು. ಪುಷ್ಯ ಮಳೆ ಹೊಳವೇ ಕೊಡಲಿಲ್ಲ, ಬಿಡದೆ ಸುರಿಯಿತು. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಅಂತ ಲೆಕ್ಕ ಹಾಕಿ ತಂದಿಟ್ಟದ್ದು ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ಕಟ್ಟಿದ ಹಾಗೇ ಇದೆ. ಅಕ್ಕ ಬುಟ್ಟಿ ಹಿಡಿದು ಉದುರಿದ ಎಳೆ ಕಾಯಿ ಹೆಕ್ಕುತ್ತಿದ್ದರು. ಕಾಯಿಯ ಮೇಲೆ ಬಿಳಿ ಬೂಸಲು. ಹೆಕ್ಕಿದ್ದು ಮಾರುವುದಕ್ಕಲ್ಲ, ರೋಗ ಹರಡದಿರಲಿ ಎಂದು ತೋಟದಿಂದ ಆಚೆ ಹಾಕುವುದಕ್ಕೆ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಫೋನ್ ತೆಗೆದರು. ಇದೇ ಫಾರ್ವರ್ಡ್ ಅವರಿಗೆ ಬೇರೆ ಕಡೆಯಿಂದ ಮೊದಲೇ ಬಂದಿತ್ತು. ತೋರಿಸಿ ಕೇಳಿದರು: "ಪಾಸ್ಟರ್, ನಮ್ಮ ಮನೆಯಲ್ಲಿ ಏನು ತಪ್ಪಾಗಿದೆ ಅಂತ ದೇವರು ಹೀಗೆ ಮಾಡಿದ?"

ನನಗೆ ಬಾಯಿ ಬರಲಿಲ್ಲ. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಸ್ನೇಹಿತರು ನೆನಪಾದರು. ಅವರು ಬಂದವರೇ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿದ್ದರು. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಬಾಯಿ ತೆರೆದು "ನೀನೇನೋ ಪಾಪ ಮಾಡಿರಬೇಕು" ಅನ್ನಲು ಶುರು ಮಾಡಿದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಅವರ ಮೇಲೆ. ಹಾಗಾಗಿ ಅವತ್ತು ನಾನು ಅಕ್ಕ ಕೊಟ್ಟ ಕಷಾಯ ಕುಡಿದು, ಸಂಜೆಯವರೆಗೆ ಅಣ್ಣನ ಜೊತೆ ಬಿದ್ದ ಸೋಗೆ ಹೊತ್ತು ಹಾಕಿ ಬಂದೆ.

ಈಗ ಲೂಕನ ಸುವಾರ್ತೆ 13ನೇ ಅಧ್ಯಾಯ ತೆಗೆಯಿರಿ. ಸತ್ಯವೇದ ಕೈಯಲ್ಲಿ ಇಲ್ಲದವರು ಆಮೇಲೆ ಓದಿ. ಆ ಕಾಲದಲ್ಲೂ ಜನ ಇಂಥದ್ದೇ ಸುದ್ದಿ ಹಿಡಿದುಕೊಂಡು ಯೇಸುಸ್ವಾಮಿಯ ಹತ್ತಿರ ಬಂದರು. ಬಲಿ ಕೊಡಲು ಹೋದ ಗಲಿಲಾಯದವರನ್ನು ರೋಮಿನ ಅಧಿಪತಿ ಪಿಲಾತ ಕೊಲ್ಲಿಸಿದ್ದ. ಸ್ವಾಮಿ ಅದರ ಜೊತೆ ಇನ್ನೊಂದು ಸುದ್ದಿಯನ್ನು ತಾವೇ ಸೇರಿಸಿದರು. ಸಿಲೋವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಒಂದು ಆಳುವವರ ಕ್ರೂರತನ, ಇನ್ನೊಂದು ಅವಘಡ. ಎರಡನ್ನೂ ಎದುರಿಗಿಟ್ಟು, ಇವರು ಬೇರೆಲ್ಲರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಎಂದು ಕೇಳಿದರು. ಉತ್ತರವನ್ನೂ ಅವರೇ ಕೊಟ್ಟರು. ಇಲ್ಲ. ಒಂದೇ ಮಾತಿನಲ್ಲಿ ಎರಡು ಸಲ, ಇಲ್ಲ.

ಮುಂದಿನ ಮಾತನ್ನು ನಾನು ಮುಚ್ಚಿಡುವುದಿಲ್ಲ. ದೇವರ ಕಡೆಗೆ ತಿರುಗಿಕೊಳ್ಳದಿದ್ದರೆ ನೀವೂ ನಾಶವಾಗುತ್ತೀರಿ ಎಂದೂ ಅಲ್ಲೇ ಹೇಳಿದ್ದಾರೆ. ಆದರೆ ಯಾರಿಗೆ ಹೇಳಿದರು ನೋಡಿ. ಸುದ್ದಿ ಹೊತ್ತು ತಂದವರಿಗೆ. ಬುರುಜಿನ ಕೆಳಗೆ ಸಿಕ್ಕವರ ಲೆಕ್ಕ ಬಿಡಿ, ನಿಮ್ಮ ಲೆಕ್ಕ ನೋಡಿಕೊಳ್ಳಿ ಅಂತ. ನಾವು ಇದನ್ನು ಉಲ್ಟಾ ಹಿಡಿದುಕೊಂಡಿದ್ದೇವೆ. ಪಶ್ಚಾತ್ತಾಪದ ಮಾತನ್ನೆಲ್ಲ ವಯನಾಡಿನವರ ತಲೆಗೆ ಕಟ್ಟಿ, ಫಾರ್ವರ್ಡ್ ಮಾಡಿ ಮಲಗುತ್ತೇವೆ.

ಅಲ್ಲಿ ರಾತ್ರಿ ಮಲಗಿದ್ದ ಮಕ್ಕಳ ಮೇಲೆ ಮಣ್ಣು ಬಂತು. ಆ ಮಕ್ಕಳು ಏನು ಮಾಡಿದ್ದರು? ಮನುಷ್ಯರ ತಪ್ಪೇ ಇರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಗುಡ್ಡದ ಬುಡ ಕಡಿದರೆ, ನೀರು ಹೋಗುವ ದಾರಿ ಮುಚ್ಚಿದರೆ ಗುಡ್ಡ ಕುಸಿಯುತ್ತದೆ. ಘಟ್ಟದಲ್ಲಿ ಹುಟ್ಟಿ ಬೆಳೆದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಕಡಿದವನೇ ಅಡಿಗೆ ಸಿಗುತ್ತಾನಾ? ಶಿರೂರಿನಲ್ಲಿ ಹೆದ್ದಾರಿ ಪಕ್ಕ ಚಹಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರ ಹೋಯಿತು, ಲಾರಿ ನಿಲ್ಲಿಸಿದ್ದ ಡ್ರೈವರುಗಳು ಹೋದರು. ಅವರನ್ನು ಪಾಪಿಗಳು ಅಂದುಬಿಟ್ಟರೆ ಗುಡ್ಡ ಕಡಿಯುವವರನ್ನು ಕೇಳುವವರು ಯಾರೂ ಇಲ್ಲದಂತಾಗುತ್ತದೆ. ನನಗೆ ಈ ಫಾರ್ವರ್ಡ್ ಮೇಲೆ ಜಾಸ್ತಿ ನೋವಿರುವುದು ಇದಕ್ಕೇ.

ಇನ್ನು ದಶಮಾಂಶದ ಮಾತು. ಬರೆದ ಅಣ್ಣ ನನಗೆ ಬೇಕಾದವರು, ಸಭೆಗೆ ಕೈ ಬಿಚ್ಚಿ ಕೊಡುವವರು. ಅಣ್ಣಾ, ನೀವು ಸತ್ಯವೇದದ ಮಲಾಕಿ ಪುಸ್ತಕದ 3ನೇ ಅಧ್ಯಾಯ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೀರಿ ಅಂತ ನನಗೆ ಗೊತ್ತು. ದಶಮಾಂಶ ತನ್ನಿ, ಬೆಳೆ ತಿನ್ನುವ ಹುಳವನ್ನು ತಡೆಯುತ್ತೇನೆ ಅನ್ನುವ ವಚನ. ಆದರೆ ಸ್ವಲ್ಪ ಮೇಲೆ 5ನೇ ವಚನದಿಂದ ಓದಿಕೊಂಡು ಬನ್ನಿ. ಕೂಲಿಯವನ ಕೂಲಿಯಲ್ಲಿ ಮೋಸ ಮಾಡುವವರಿಗೆ, ವಿಧವೆಯರನ್ನೂ ದಿಕ್ಕಿಲ್ಲದ ಮಕ್ಕಳನ್ನೂ ಹಿಂಸಿಸುವವರಿಗೆ ವಿರೋಧವಾಗಿ ನಾನೇ ಸಾಕ್ಷಿಯಾಗಿ ಬರುತ್ತೇನೆ ಅನ್ನುತ್ತಾರೆ ದೇವರು. ಮೊದಲು ಅದು, ಆಮೇಲೆ ದಶಮಾಂಶ. ಅದನ್ನೂ ಇಡೀ ಜನಾಂಗಕ್ಕೆ ಹೇಳಿದ್ದು. ಆ ಪುಸ್ತಕದಲ್ಲಿ ಎಲ್ಲರಿಗಿಂತ ಮುಂಚೆ ಬೈಸಿಕೊಂಡವರು ಯಾಜಕರು, ಅಂದರೆ ನನ್ನಂಥವರು. ಆ ವಚನ ಹಿಡಿದು ಒಂದು ಮನೆಯ ತೋಟ ತೋರಿಸುವ ಹಕ್ಕು ನಮಗೆ ಯಾರಿಗೂ ಇಲ್ಲ. ನಮ್ಮ ಸಭೆಯಲ್ಲಿ ಅರ್ಧ ಜನ ಬೇರೆಯವರ ತೋಟದಲ್ಲಿ ಅಡಿಕೆ ಗೊನೆ ಇಳಿಸಿ, ಅಡಿಕೆ ಸುಲಿದು ಬದುಕುವವರು. ಅವರ ಕೂಲಿ ಹೊತ್ತಿಗೆ ಸರಿಯಾಗಿ ಸಿಕ್ಕಿತಾ ಅಂತ ನಾನು ಎಷ್ಟು ಸಲ ಕೇಳಿದ್ದೇನೆ? ಕಾಣಿಕೆ ಪೆಟ್ಟಿಗೆಯ ಲೆಕ್ಕದಷ್ಟು ಸಲ ಕೇಳಿಲ್ಲ. ಇದನ್ನು ನಾನು ದೇವರ ಮುಂದೆ ಒಪ್ಪಿಕೊಳ್ಳುತ್ತೇನೆ.

ಮತ್ತೆ, ಈ ರೋಗ ಬರುವ ರೀತಿ ನೋಡಿ. ಅದೊಂದು ಶಿಲೀಂಧ್ರ. ಗಾಳಿಯಲ್ಲಿ, ಮಳೆ ಹನಿಯ ಸಿಡಿತದಲ್ಲಿ ಮರದಿಂದ ಮರಕ್ಕೆ ಹೋಗುತ್ತದೆ. ಶೃಂಗೇರಿ, ತೀರ್ಥಹಳ್ಳಿ, ಹೊಸನಗರ, ಸಾಗರ ಎಲ್ಲ ಕಡೆ ಬಂದಿದೆ. ದೇವಸ್ಥಾನಕ್ಕೆ ನಡೆದುಕೊಳ್ಳುವವರ ತೋಟ, ಮಸೀದಿಗೆ ಹೋಗುವವರ ತೋಟ, ನಮ್ಮವರ ತೋಟ ಅಂತ ಅದಕ್ಕೆ ಗೊತ್ತಿಲ್ಲ. ನೀತಿವಂತರ ಮೇಲೂ ಅನೀತಿವಂತರ ಮೇಲೂ ದೇವರು ಮಳೆ ಸುರಿಸುತ್ತಾರೆ ಅನ್ನುವ ಮಾತನ್ನು ಮಲೆನಾಡಿನವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ? ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬರುತ್ತದೆ, ನಿಜ. ಅದರ ಬಗ್ಗೆ ಯುವಕರ ಕೂಟದಲ್ಲಿ ನಾನು ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಆದರೆ ಭತ್ತಕ್ಕೆ ಬೆಂಕಿ ರೋಗ ಬರುತ್ತದಲ್ವಾ, ಶುಂಠಿ ಕೊಳೆಯುತ್ತದಲ್ವಾ? ಭತ್ತ ಯಾವ ಪಾಪ ಮಾಡಿತ್ತು?

ನಮ್ಮ ಜಿಲ್ಲೆಯದೇ ಇನ್ನೊಂದು ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಜನಕ್ಕೂ ಜ್ವರ ಬಂತು. ಆಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಾಡಿಗೇ ಬಂದು ಹುಡುಕಿದರು. ಉಣುಗಿನಿಂದ ಹರಡುವ ವೈರಸ್ ಸಿಕ್ಕಿತು. ಇವತ್ತಿಗೂ ಮಂಗನ ಕಾಯಿಲೆ ಜಾಸ್ತಿ ಬರುವುದು ಯಾರಿಗೆ? ಸೌದೆಗೆ, ಒಣ ಎಲೆಯ ದರಗಿಗೆ, ದನ ಮೇಯಿಸಲು ಕಾಡಿಗೆ ಹೋಗುವವರಿಗೆ. ಅದು ಪಾಪದ ಲೆಕ್ಕದಲ್ಲಿ ಬರುವುದಾದರೆ ಗ್ಯಾಸ್ ಒಲೆ ಇದ್ದವರೆಲ್ಲ ನೀತಿವಂತರು ಅನ್ನಬೇಕಾಗುತ್ತದೆ.

ಇಲ್ಲಿ ನನ್ನದೂ ಒಂದು ಹೇಳಬೇಕು. 2018ರ ಕೊನೆಯಿಂದ 2019ರ ಬೇಸಿಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಆ ಕಾಯಿಲೆ ಜೋರಾಗಿತ್ತು, ಜನ ಸತ್ತರು. ಆ ಕಡೆಯ ಒಂದು ಮನೆಯವರು, ನಮ್ಮ ಮನೆಗೆ ಬಂದು ಪ್ರಾರ್ಥನೆ ಮಾಡಿ ಎಂದು ಕರೆದರು. ನಾನು ಹೆದರಿ ಫೋನಿನಲ್ಲೇ ಪ್ರಾರ್ಥನೆ ಮಾಡಿ ಮುಗಿಸಿದೆ. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ಕಾಯಿಲೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಮೊದಲೇ ಕೇಳಿ ತಿಳಿದುಕೊಳ್ಳಬಹುದಿತ್ತು. ಆ ಮನೆಯ ಅಜ್ಜಿ ಮತ್ತೆ ಯಾವತ್ತೂ ನನ್ನನ್ನು ಪ್ರಾರ್ಥನೆಗೆ ಕರೆಯಲಿಲ್ಲ. ದೂರದಲ್ಲಿ ಕೂತು ದೇವರ ಮಾತಾಡುವುದು ಎಷ್ಟು ಸುಲಭ, ಕೇಳುವವರಿಗೆ ಅದು ಎಷ್ಟು ತಣ್ಣಗಿರುತ್ತದೆ ಅಂತ ನನಗೆ ಅವತ್ತಿನಿಂದ ಗೊತ್ತು.

ಮತ್ತೆ ಲೂಕ 13ಕ್ಕೆ ಬನ್ನಿ. ಬುರುಜಿನ ಮಾತು ಮುಗಿದ ಕೂಡಲೇ ಸ್ವಾಮಿ ಒಂದು ಕಥೆ ಹೇಳುತ್ತಾರೆ. ನಾವು ಇವೆರಡನ್ನೂ ಬೇರೆ ಬೇರೆ ಭಾನುವಾರ ಓದುವುದರಿಂದ ಒಟ್ಟಿಗೆ ಇವೆ ಅನ್ನುವುದೇ ಮರೆತುಹೋಗಿದೆ. ಒಬ್ಬ ಯಜಮಾನನ ದ್ರಾಕ್ಷಿತೋಟದಲ್ಲಿ ಅಂಜೂರದ ಮರ. ಮೂರು ವರ್ಷದಿಂದ ಹಣ್ಣಿಲ್ಲ. ಕಡಿದುಬಿಡು, ಜಾಗ ಯಾಕೆ ದಂಡ ಅನ್ನುತ್ತಾನೆ ಯಜಮಾನ. ತೋಟದ ಆಳು ಏನನ್ನುತ್ತಾನೆ? ಅಯ್ಯಾ, ಈ ವರ್ಷ ಒಂದು ಬಿಡಿ, ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ.

ಈ ಮಾತು ನಮ್ಮ ತೋಟದ್ದೇ ಅಲ್ವಾ? ಬುಡ ಬಿಡಿಸಿ, ಸೊಪ್ಪು ಹಾಕಿ, ಗೊಬ್ಬರ ಹಾಕಿ, ಮಣ್ಣು ಮುಚ್ಚಿ. ಮರ ಯಾಕೆ ಹಣ್ಣು ಬಿಡಲಿಲ್ಲ, ತಪ್ಪು ಯಾರದು ಅಂತ ಆ ಆಳು ಒಂದು ಮಾತೂ ಆಡುವುದಿಲ್ಲ. ನಾನು ಮಾಡುತ್ತೇನೆ, ಆಮೇಲೂ ಬಿಡದಿದ್ದರೆ ಕಡಿಸಿ ಅಂತ ಮಾತ್ರ ಹೇಳುತ್ತಾನೆ. ಆಮೇಲೆ ಆ ಮರ ಹಣ್ಣು ಬಿಟ್ಟಿತಾ? ಲೂಕ ಬರೆದಿಲ್ಲ. ಗುದ್ದಲಿ ಹಿಡಿದವನ ಹತ್ತಿರ ಕಥೆ ನಿಂತುಬಿಡುತ್ತದೆ. ನಾನು ಆ ಅಣ್ಣನಿಗೆ ಬರುವ ವರ್ಷ ತೋಟ ಸರಿಹೋಗುತ್ತದೆ ಎಂದು ಭರವಸೆ ಕೊಡಲು ಹೋಗಲಿಲ್ಲ. ಕೊಡಲು ನಾನು ಯಾರು?

ಹಾಗಾಗಿ ಕೆಲಸದ ಮಾತಿಗೆ ಬರುತ್ತೇನೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ಸಭೆಯ ಮುಂದೆ ಸೇರೋಣ. ರೋಗ ಹಿಡಿದ ಸೋಗೆ ಕತ್ತರಿಸಿ ತೋಟದಿಂದ ಹೊರಗೆ ಸಾಗಿಸಬೇಕು, ಬಿಸಿಲು ಬಂದಾಗ ಸುಡಬೇಕು. ಕತ್ತಿ ಇದ್ದವರು ಕತ್ತಿ ತನ್ನಿ, ದೋಟಿ ಇದ್ದವರು ದೋಟಿ. ಮಳೆ ಹೊಳವಾದರೆ ಔಷಧಿಯೂ ಹೊಡೆಸೋಣ. ಮರ ಹತ್ತುವ ಇಬ್ಬರು ತಮ್ಮಂದಿರು ಬರುತ್ತಾರೆ. ಅವರ ಕೂಲಿ ಅವತ್ತೇ ಸಂಜೆ ಪೂರ್ತಿ ಕೊಡುವುದು, ಈ ತಿಂಗಳ ಕಾಣಿಕೆಯಿಂದ. ಹಿರಿಯರು ಒಪ್ಪಿದ್ದಾರೆ. ಇನ್ನೊಂದು, ಒಬ್ಬರ ತೋಟಕ್ಕೆ ಮಾತ್ರ ಹೊಡೆದರೆ ಪ್ರಯೋಜನ ಇಲ್ಲ, ಪಕ್ಕದ ತೋಟದಿಂದ ಮತ್ತೆ ಬರುತ್ತದೆ. ಅಕ್ಕಪಕ್ಕದ ನಾಲ್ಕು ಮನೆಯವರ ಹತ್ತಿರವೂ ಮಾತಾಡಿದ್ದೇನೆ. ಅವರು ನಮ್ಮ ಸಭೆಯವರಲ್ಲ. ಅವರ ತೋಟಕ್ಕೂ ನಾವು ಕೈಹಾಕೋಣ.

ದಶಮಾಂಶದ ಮಾತು ಬರೆದ ಅಣ್ಣಾ, ನಿಮ್ಮ ಪಿಕಪ್ ಬೇಕಾಗುತ್ತದೆ. ನೀವೇ ಓಡಿಸಿಕೊಂಡು ಬಂದರೆ ನನಗೆ ತುಂಬ ಸಂತೋಷ. ಫಾರ್ವರ್ಡ್ ಹಾಕಿದ ತಮ್ಮಾ, ನೀನು ಕೆಟ್ಟದ್ದು ಮಾಡಬೇಕು ಅಂತ ಹಾಕಲಿಲ್ಲ, ಹೆದರಿಕೆಯಿಂದ ಹಾಕಿದ್ದೀಯ. ಅದನ್ನು ಅಳಿಸಿಬಿಡು. ಹೆದರಿಕೆ ಇದ್ದರೆ ಮನೆಗೆ ಬಾ, ಕೂತು ಮಾತಾಡೋಣ.

ಕೊನೆಗೆ, ಅಕ್ಕಾ, ನೀವೂ ಈ ಗ್ರೂಪಿನಲ್ಲಿದ್ದೀರಿ, ಕೇಳಿಸಿಕೊಳ್ಳುತ್ತಿದ್ದೀರಿ ಅಂದುಕೊಂಡಿದ್ದೇನೆ. ಮಂಗಳವಾರ ನೀವು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ. ಎಲ್ಲರೂ ಕೇಳುವ ಹಾಗೆ ಈಗ ಹೇಳುತ್ತೇನೆ. ಇಲ್ಲ ಅಕ್ಕಾ. ನಿಮ್ಮ ಮನೆಯ ಯಾವ ತಪ್ಪಿಗೂ ಇದು ಬಂದದ್ದಲ್ಲ. ಸ್ವಾಮಿ ಆ ಹದಿನೆಂಟು ಜನರ ವಿಷಯದಲ್ಲಿ ಇಲ್ಲ ಎಂದರಲ್ಲ, ಅದೇ ಇಲ್ಲ ನಿಮಗೂ. ಶನಿವಾರ ಒಂದಿಪ್ಪತ್ತು ಜನ ಆಗಬಹುದು. ಅಡುಗೆ ಏನೂ ಮಾಡಬೇಡಿ, ಊಟ ನಾವೇ ತರುತ್ತೇವೆ. ದೊಡ್ಡ ಹಂಡೆಯಲ್ಲಿ ಬಿಸಿನೀರು ಕಾಯಿಸಿಡಿ, ಅಷ್ಟು ಸಾಕು.