ದುರ್ಯೋಧನ ಬರೆದ ಕಣ್ಣು

ಶನಿವಾರ ಸಂಜೆ ಪುಟ್ಟಿ ನಮ್ಮ ಮನೆಗೆ ಬಂದಾಗ, ಬಾಗಿಲು ತೆಗೆದ ನಮ್ಮತ್ತೆ ಗಾಬರಿಯಾಗಿ ಕೇಳಿದರು, "ಯಾಕಮ್ಮ, ಗಾಡಿಯಿಂದ ಬಿದ್ದೆಯಾ?"

ಬಿದ್ದಿರಲಿಲ್ಲ. ಐಲೈನರ್ ಹಾಕಿಕೊಂಡಿದ್ದಳು.

ಬಲಗಣ್ಣಿನ ಗೆರೆ ತೆಳ್ಳಗೆ ಶುರುವಾಗಿ, ಮಧ್ಯದಲ್ಲಿ ನಮ್ಮ ತುಮಕೂರಿನ ದೇವರಾಯನದುರ್ಗದ ಬೆಟ್ಟದ ರಸ್ತೆಯ ಹಾಗೆ ತಿರುವು ತೆಗೆದುಕೊಂಡು, ಕೊನೆಗೆ ಕಿವಿಯ ಕಡೆ ಹೊರಟಿತ್ತು. ಅದಕ್ಕೆ ಸಮ ಮಾಡಲು ಹೋಗಿ ಎಡಗಣ್ಣಿನದು ಎರಡು ಪಟ್ಟು ದಪ್ಪವಾಗಿತ್ತು. ಆಮೇಲೆ ಎಡಗಣ್ಣಿಗೆ ಸಮ ಮಾಡಲು ಬಲಗಣ್ಣು. ಹೀಗೇ ಅರ್ಧ ಗಂಟೆ ನಡೆದಿತ್ತಂತೆ.

"ಮುಂದಿನ ಭಾನುವಾರ ಅಕ್ಕನ ಮದುವೆ. ಪಾರ್ಲರ್‌ನವರು ಬರೀ ಕಣ್ಣಿಗೆ ಹೇಳಿದ ರೇಟಿಗೆ ಒಂದು ಸೀರೆ ಬರುತ್ತೆ ಕಣ್ರೇ. ನಾನೇ ಕಲಿಯೋಣ ಅಂತ ಎಂ.ಜಿ. ರೋಡಿಗೆ ಹೋಗಿ ಎಲ್ಲಾ ತಂದುಬಿಟ್ಟೆ" ಅಂತ ಚೀಲವನ್ನು ಮಂಚದ ಮೇಲೆ ಸುರಿದಳು. ಪೆನ್ಸಿಲ್, ಪೆನ್, ಲಿಕ್ವಿಡ್, ಜೆಲ್ ಡಬ್ಬಿ, ಮಸ್ಕಾರ, ಹನ್ನೆರಡು ಬಣ್ಣದ ಐಶ್ಯಾಡೋ. ಸೀರೆಯ ದುಡ್ಡು ಇಲ್ಲೇ ಮುಗಿದಿತ್ತು.

ಮಿಸ್ ಒಂದೊಂದನ್ನೇ ಎತ್ತಿ ನೋಡಿದಳು. ನಮ್ಮ ನಾಲ್ವರು ಗೆಳತಿಯರಲ್ಲಿ ಇವಳು ಪ್ರೈಮರಿ ಸ್ಕೂಲ್ ಟೀಚರ್. ಗಂಡನೂ ಮಿಸ್ ಅಂತಲೇ ಕರೆಯುತ್ತಾನೆ.

"ಇವತ್ತು ಹಾಕಿಕೊಂಡಿದ್ದು ಯಾವುದು?"

"ಲಿಕ್ವಿಡ್. ವಿಡಿಯೋದಲ್ಲಿ ಅದೇ ತೋರಿಸಿದ್ದು."

"ಅ ಆ ಇ ಈ ಬರದ ಮಗುವಿಗೆ ಇಂಕ್ ಪೆನ್ ಕೊಟ್ಟ ಹಾಗಾಯ್ತು. ಮೊದಲು ಪೆನ್ಸಿಲ್ ಕಣೇ. ತಪ್ಪಾದರೆ ಬೆರಳಲ್ಲಿ ತೀಡಿದರೆ ಬೇಕಂತಲೇ ಹಾಗೆ ಮಾಡಿದ ಹಾಗೆ ಕಾಣುತ್ತೆ. ಲಿಕ್ವಿಡ್ ಒಣಗಿತು ಅಂದರೆ ತಪ್ಪೂ ಒಣಗಿತು. ಪೆನ್ ಎರಡನೇ ಕ್ಲಾಸಿಗೆ. ಜೆಲ್‌ಗೆ ಬ್ರಷ್ ಬೇಕು, ತಂದಿಲ್ಲ ಅಲ್ವಾ?"

ತಂದಿರಲಿಲ್ಲ.

"ಮತ್ತೆ ಕಪ್ಪೇ ಯಾಕೆ? ಕಲಿಯುವಾಗ ಕಂದು ಬಣ್ಣ ಒಳ್ಳೇದು. ಅರ್ಧ ತಪ್ಪು ಕಾಣೋದೇ ಇಲ್ಲ."

"ನನ್ನ ಕಕ್ಷಿದಾರಳ ಕೈ ನಡುಗುತ್ತಿತ್ತು ಮೈ ಲಾರ್ಡ್" ಅಂದಳು ಲಾಯರಮ್ಮ, ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿಯ ಪೊಟ್ಟಣ ಬಿಚ್ಚುತ್ತಾ.

"ನಡುಗದೆ ಇನ್ನೇನು? ನಿಂತುಕೊಂಡು, ಕೈ ಗಾಳಿಯಲ್ಲಿ ಇಟ್ಟು ಬರೆದರೆ ಯಾರದಾದರೂ ನಡುಗುತ್ತೆ. ಮೊಳಕೈ ಟೇಬಲ್ ಮೇಲೆ ಊರು. ಕನ್ನಡಿ ಗಲ್ಲದ ಕೆಳಗೆ ಇಡು. ಕೆಳಗೆ ನೋಡಿದರೆ ರೆಪ್ಪೆಯ ಮಡಿಕೆ ತಾನಾಗೇ ಬಿಚ್ಚಿಕೊಳ್ಳುತ್ತೆ, ಬೆರಳಲ್ಲಿ ಎಳೆಯೋದೇ ಬೇಡ. ಎಳೆದು ಬರೆದ ಗೆರೆ, ಕೈ ಬಿಟ್ಟ ಕೂಡಲೇ ಸೊಟ್ಟ."

ಮೊದಲು ಇದ್ದದ್ದನ್ನು ಅಳಿಸಬೇಕಲ್ಲ. ಪುಟ್ಟಿ ಸೋಪು ಹಿಡಿದು ಬಚ್ಚಲಿಗೆ ಹೊರಟಳು. ವಾಟರ್‌ಪ್ರೂಫ್ ಅಂತ ಡಬ್ಬಿಯ ಮೇಲೇ ಬರೆದಿದೆ, ಇವಳು ನೀರು ಹಾಕಿ ಉಜ್ಜುತ್ತಾಳಂತೆ. "ತೆಂಗಿನ ಸೀಮೆಯಲ್ಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ?" ಅಂತ ಅತ್ತೆ ಹತ್ತಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮುಚ್ಚಿದ ಕಣ್ಣಿನ ಮೇಲೆ ಸ್ವಲ್ಪ ಹೊತ್ತು ಒತ್ತಿ ಹಿಡಿದರು. ಕರಗಿ ಬಂತು. ಆ ಎಣ್ಣೆ ಪೂರ್ತಿ ಒರೆಸಬೇಕು, ಇಲ್ಲದಿದ್ದರೆ ಹೊಸ ಗೆರೆ ನಿಲ್ಲುವುದಿಲ್ಲ. ಇದು ನನ್ನ ಸ್ವಂತ ಅನುಭವ, ಆ ಫೋಟೋ ಯಾರಿಗೂ ತೋರಿಸಿಲ್ಲ.

ಅಷ್ಟು ಮಾಡಿದ ಮೇಲೆ ಅತ್ತೆ ಸುಮ್ನೆ ಇರುತ್ತಾರಾ? "ನಮ್ಮ ಕಾಲದಲ್ಲಿ ಹೊನಗೊನ್ನೆ ಸೊಪ್ಪಿನ ರಸದಲ್ಲಿ ಬಟ್ಟೆ ನೆನೆಸಿ, ಒಣಗಿಸಿ, ಬತ್ತಿ ಮಾಡಿ, ಹರಳೆಣ್ಣೆ ದೀಪ ಹಚ್ಚಿ, ಮೇಲೆ ತಾಮ್ರದ ತಟ್ಟೆ ಕವುಚಿ ಕಾಡಿಗೆ ಹಿಡೀತಿದ್ವಿ. ಹುಟ್ಟಿದ ಮಗುವಿಗೂ ಅದೇ."

"ಮಗುವಿನ ಕಣ್ಣಿಗೆ ಬೇಡ ಅಂತಾರೆ ಡಾಕ್ಟರು, ಅತ್ತೆ. ಬೇಕಾದರೆ ಕೆನ್ನೆಗೆ ದೃಷ್ಟಿಬೊಟ್ಟು ಇಡಿ" ಅಂದಳು ಮಿಸ್. "ಹೊರಗೆ ಸಿಗೋ ಸುರ್ಮಾ, ಕಾಡಿಗೆಗಳಲ್ಲಿ ಕೆಲವಕ್ಕೆ ಸೀಸ ಕೂಡ ಇರುತ್ತೆ."

"ನಿಮ್ಮನ್ನೆಲ್ಲ ಅದೇ ಹಚ್ಚಿ ಬೆಳೆಸಿದ್ದು."

"ಅದಕ್ಕೇ ಇರಬೇಕು, ಇಲ್ಲಿ ಮೂರು ಜನಕ್ಕೆ ಕನ್ನಡಕ" ಅಂದಳು ಲಾಯರಮ್ಮ. ಅತ್ತೆ ಅವಳ ತಟ್ಟೆಗೆ ಚಟ್ನಿ ಹಾಕಲಿಲ್ಲ.

ಆಗ ಬಂದರು ಪುಟ್ಟಿಯ ಸೋದರಮಾವ, ಲಗ್ನಪತ್ರಿಕೆ ಹಿಡಿದುಕೊಂಡು. ಗುಬ್ಬಿ ಕಡೆಯವರು. 1884ರಲ್ಲೇ ನಾಟಕ ಕಂಪನಿ ಹುಟ್ಟಿದ ಊರು, ಗುಬ್ಬಿ ವೀರಣ್ಣನವರ ಊರು. ಆ ನೀರು ಕುಡಿದವರು ಸುಮ್ನೆ ಇರೋದು ಕಷ್ಟ. ಮಾವ ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಇಪ್ಪತ್ತು ವರ್ಷದಿಂದ ದುರ್ಯೋಧನ. ಹಗಲು ಅಡಿಕೆ ವ್ಯಾಪಾರ.

ಮಂಚದ ಮೇಲಿನ ರಾಶಿ ನೋಡಿ ನಿಂತುಬಿಟ್ಟರು. "ಇದೇನವ್ವ, ಯಾವ ನಾಟಕ?"

"ಅಕ್ಕನ ಮದುವೆಗೆ ಮಾವ. ನೋಡಿ, ಲ್ಯಾಕ್ಮೆ."

"ಲ್ಯಾಕ್ಮೆ ಅಂದರೆ ನಮ್ಮ ಲಕ್ಷ್ಮೀನೇ" ಅಂತ ಮಿಸ್ ಪಾಠ ಶುರು ಮಾಡಿದಳು. "1952ರಲ್ಲಿ ಟಾಟಾದವರು ಶುರು ಮಾಡಿದ್ದು. ಫ್ರೆಂಚರ ಬಾಯಲ್ಲಿ ಲಕ್ಷ್ಮಿ ಹಾಗಾಗಿದ್ದಾಳೆ."

"ಓಹೋ. ಲಕ್ಷ್ಮಿ ಮುಖಕ್ಕೆ ಬರ್ತಾಳೆ, ಜೇಬಿಂದ ಹೋಗ್ತಾಳೆ" ಅಂದು ಮಾವ ಕುರ್ಚಿ ಎಳೆದುಕೊಂಡು ಕೂತರು. "ಎಲ್ಲಿ, ಆ ಪೆನ್ಸಿಲ್ ಕೊಡು. ನಾವು ತೆಂಗಿನ ಗರಿ ಕಡ್ಡೀಲಿ ಬರೀತಿದ್ದೋರು. ಮೊದಲು ಹೇಳು, ನಿನ್ನ ನೋಡೋರು ಎಷ್ಟು ದೂರ ಕೂತಿರ್ತಾರೆ?"

ನಾವು ಮುಖ ಮುಖ ನೋಡಿಕೊಂಡೆವು. ಯಾವ ವಿಡಿಯೋದಲ್ಲೂ ಈ ಪ್ರಶ್ನೆ ಬಂದಿರಲಿಲ್ಲ.

"ನನ್ನ ಕಣ್ಣು ಕೊನೇ ಸಾಲಲ್ಲಿ ಚಾಪೆ ಹಾಕ್ಕೊಂಡು ಕೂತಿರೋ ಅಜ್ಜಿಗೂ ಕಾಣ್ಬೇಕು. ಅದಕ್ಕೆ ಬೆರಳಗಲ ಗೆರೆ. ನೀನು ಅರಿಶಿನ ಕುಂಕುಮ ಕೊಡೋಳು, ಮೊಳ ದೂರದಲ್ಲಿ ನಿಂತು ಮಾತಾಡ್ತಾರೆ. ನಿಂಗ್ಯಾಕವ್ವ ದುರ್ಯೋಧನನ ಕಣ್ಣು? ಕೂದಲಷ್ಟು ಸಾಕು."

ಮಾವ ಒಂದೇ ಸಲ ಗೆರೆ ಎಳೆಯಲಿಲ್ಲ. ರೆಪ್ಪೆಯ ಕೂದಲ ಬುಡಕ್ಕೆ ಒತ್ತಿ, ಜೀರಿಗೆ ಕಾಳಿನಷ್ಟು ಉದ್ದದ ಚಿಕ್ಕ ಚಿಕ್ಕ ಗೀಟು ಹಾಕುತ್ತಾ ಹೋದರು. ಕಣ್ಣಿನ ಮಧ್ಯದಿಂದ ಹೊರಗೆ, ಆಮೇಲೆ ಒಳಮೂಲೆಯಿಂದ ಮಧ್ಯಕ್ಕೆ. ಗೀಟುಗಳ ಸಂದು ತುಂಬಿದರು. ಬಾಲ ಬೇಕು ಅಂತ ಪುಟ್ಟಿ ಹಟ ಮಾಡಿದಳು. ಕೆಳರೆಪ್ಪೆಯ ಅಂಚು ಹೋಗುವ ದಾರಿಯಲ್ಲೇ, ಹುಬ್ಬಿನ ತುದಿಯ ಕಡೆಗೆ ಒಂದು ಚುಕ್ಕಿ ಇಟ್ಟು ಅದಕ್ಕೆ ಸೇರಿಸಿದರು, ಅಷ್ಟೇ. ಮೇಲೆ ಕಂದು ಬಣ್ಣದ ಐಶ್ಯಾಡೋ ಪುಡಿ ಒತ್ತಿದರು. ಪೆನ್ಸಿಲ್ ಕದಲದೆ ನಿಲ್ಲೋದಕ್ಕಂತೆ.

ಲಾಯರಮ್ಮ ಇಡ್ಲಿ ಬಿಟ್ಟು ಎದ್ದು ಬಂದಳು. "ನಂದೊಂದು ಕೇಸಿದೆ ಮಾವ. ಹಾಕ್ಕೋತೀನಿ, ಕಣ್ಣು ಬಿಟ್ಟರೆ ಗೆರೆ ನಾಪತ್ತೆ."

"ನಿನ್ನ ರೆಪ್ಪೆ ಮೇಲೆ ಚರ್ಮ ಇಳಿಬಿದ್ದೈತೆ. ಮುಚ್ಚಿ ಬರೆದ್ರೆ ಮಡಿಕೆ ನುಂಗ್ತದೆ. ನೇರ ನೋಡ್ತಾ, ಕಣ್ಣು ಬಿಟ್ಕೊಂಡೇ ಗುರುತು ಮಾಡ್ಕೊ. ನಮ್ಮ ಶಕುನಿದೂ ಇದೇ ಕಣ್ಣು."

ಆ ಮೇಲೆ ಲಾಯರಮ್ಮ ಜಾಸ್ತಿ ಮಾತಾಡಲಿಲ್ಲ.

ಬಣ್ಣದ ವಿಚಾರ ಬೇಗ ಮುಗಿಯಿತು. ಹಸಿರು ಸೀರೆಗೆ ಹಸಿರು ರೆಪ್ಪೆ ಅಂತ ಪುಟ್ಟಿಯ ಪ್ಲಾನು. "ಗಿಳಿ" ಅಂದಳು ಮಿಸ್. ಕಂದು, ತಾಮ್ರ, ಮಧ್ಯದಲ್ಲಿ ಒಂದು ಚೂರು ಮಿಂಚು. ಉಳಿದ ಒಂಬತ್ತು ಬಣ್ಣ ಗಣಪತಿ ಹಬ್ಬಕ್ಕೆ ಮಕ್ಕಳಿಗೆ ರಂಗೋಲಿ ಹಾಕಲಿಕ್ಕೆ ಕೊಡಬಹುದು. ಮಸ್ಕಾರ ಮಾತ್ರ ಮೂರ್ನಾಲ್ಕು ತಿಂಗಳಿಗೆ ಎಸೆಯಬೇಕು ಅಂದಾಗ ಪುಟ್ಟಿಗೆ ಹೊಟ್ಟೆ ಉರಿಯಿತು. ಹಾಗಾದರೆ ನಾಲ್ಕು ಜನ ಸೇರಿ ಹಂಚಿಕೊಂಡು ಖಾಲಿ ಮಾಡೋಣ ಅಂದಳು. ಬೇಡವೇ ಬೇಡ. ಒಬ್ಬರಿಗೆ ಮದ್ರಾಸ್ ಐ ಬಂದರೆ ಮಂಟಪದಲ್ಲಿ ನಾಲ್ಕೂ ಜನ ಕೂಲಿಂಗ್ ಗ್ಲಾಸ್.

ಮಾವ ಬರೆದದ್ದು ಎಡಗಣ್ಣು ಮಾತ್ರ. "ಬಲಗಣ್ಣು ನೀನೇ ಬರಿ, ಆಗಲೇ ಕಲಿಯೋದು" ಅಂತ ಪತ್ರಿಕೆ ಕೊಟ್ಟು ಹೊರಟುಹೋದರು.

ಮದುವೆಯ ದಿನ ಬೆಳಗ್ಗೆ ನಾವು ಆಟೋದಲ್ಲಿರುವಾಗ ಪುಟ್ಟಿಯ ಮೆಸೇಜ್ ಬಂತು. "ಎಡಗಣ್ಣು ಸೂಪರ್ ಆಗಿ ಬಂದಿದೆ. ಬಲಗಣ್ಣಿಗೆ ಮಾವನ್ನ ಹುಡುಕ್ತಿದ್ದೀನಿ. ಮೊದಲ ಪಂಕ್ತೀಲಿ ತಿಂಡಿಗೆ ಕೂತಿದ್ದಾರೆ."

"ಕೈ ತೊಳ್ಕೊಂಡು ಬರೋಕೆ ಹೇಳು" ಅಂತ ಬರೆದಳು ಮಿಸ್.